ಹನ್ನೊಂದು ಖಾತೆಗೆ ಒಂದೇ ನಂಬರು

ಭಾಂಡುಪ್ ಗುಡ್ಡದ ಮೇಲಿನ ಆ ಗಲ್ಲಿಯಲ್ಲಿ ಹನ್ನೊಂದು ಮಂದಿ ಹೆಂಗಸರ ಬ್ಯಾಂಕ್ ಖಾತೆಗೆ ಒಂದೇ ಫೋನ್ ನಂಬರು ಇತ್ತು. ಅದು ಅನುರಾಧಾಳದು. ಹಾಗಂತ ಅವಳೇನು ಗಲ್ಲಿಯ ಮುಖಂಡಳಲ್ಲ, ದೊಡ್ಡ ಓದು ಓದಿದವಳೂ ಅಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮನೆಯಲ್ಲಿ ಕೂತು ನಕಲಿ ಜುಮುಕಿಗಳಿಗೆ ಹರಳು ಅಂಟಿಸುವ ಇಪ್ಪತ್ತು ವರ್ಷದ ಹುಡುಗಿ. ನೂರು ಜೊತೆಗೆ ನಲವತ್ತು ರೂಪಾಯಿ. ಅವಳ ಹತ್ತಿರ ಇದ್ದದ್ದು ಬಟನ್ ಒತ್ತುವ ಹಳೇ ಫೋನು.

ಆದರೆ ಅವಳಿಗೆ ಮಾತು ಕಡಿಮೆ. "ಆಕಿಗೆ ಬಾಯೇ ಇಲ್ಲ ಬಿಡವ್ವ," ಎಂದು ಹೆಂಗಸರು ನಗುತ್ತಿದ್ದರು. ಗಂಡನ ನಂಬರು ಕೊಟ್ಟರೆ ಮೆಸೇಜು ಗಂಡನಿಗೆ ಹೋಗುತ್ತದೆ. ಮಗನ ನಂಬರು ಕೊಟ್ಟರೆ ತಾಯಿ ಏಳುವ ಮೊದಲೇ ಖಾತೆ ಬರಿದಾಗಿರುತ್ತದೆ. ಅನುರಾಧಾಳ ನಂಬರಿಗೆ ಬಂದದ್ದು ಬಾವಿಗೆ ಬಿದ್ದ ಕಲ್ಲಿನ ಹಾಗೆ. ಯಾರಿಗೆ ಎಷ್ಟು ಬಂತು, ಎಷ್ಟು ಹೋಯಿತು, ಯಾರು ತವರಿಗೆ ಗುಟ್ಟಾಗಿ ಕಳಿಸಿದರು, ಎಲ್ಲಾ ಅವಳಿಗೆ ಗೊತ್ತಿತ್ತು. ಕೇಳಿದವರಿಗೆ ಅವರವರದಷ್ಟೇ ಹೇಳುತ್ತಿದ್ದಳು. ಕೇಳದಿದ್ದರೆ ಅದೂ ಇಲ್ಲ. ಅವಳ ತಾಯಿ ಸುಂದ್ರವ್ವ ಒಮ್ಮೆ, "ಹನುಮವ್ವನ ಖಾತ್ಯಾಗ ಎಷ್ಟದ?" ಎಂದು ಮೆಲ್ಲಗೆ ಕೇಳಿದಾಗಲೂ ಹರಳಿನ ಮೇಲಿನ ಕಣ್ಣು ಎತ್ತಿರಲಿಲ್ಲ.

ಆ ಹನ್ನೊಂದರಲ್ಲಿ ನಾಗವ್ವನದೂ ಒಂದು. ಅನುರಾಧಾ ಅವಳನ್ನು ಕಾಕಿ ಎನ್ನುತ್ತಿದ್ದಳು. ಮೂವತ್ತಾರರ ಹೆಂಗಸು. ಬೆಳಿಗ್ಗೆ ಏಳಕ್ಕೆ ಸ್ಟೇಷನ್ ಹತ್ತಿರ, ಕೂಲಿಯವರು ಸೇರುವ ನಾಕಾದಲ್ಲಿ ಬುಟ್ಟಿ ಹಿಡಿದು ನಿಲ್ಲುವಳು. ಯಾರಾದರೂ ಕಂತ್ರಾಟುದಾರ ಕರೆದರೆ ಆ ದಿನದ ಇಟ್ಟಿಗೆ, ಮರಳು ಅವಳ ತಲೆಗೆ. ಕರೆಯದಿದ್ದರೆ ಹನ್ನೊಂದಕ್ಕೆ ವಾಪಸು. ಗಂಡ ಸುಭಾಷ ಸೆಂಟ್ರಿಂಗ್ ಕೆಲಸದವನು. ಗುಡ್ಡದ ತುದಿಯ ಕೊನೆಯ ಖೋಲಿಯಲ್ಲಿ ಇಬ್ಬರು ಮಕ್ಕಳೊಂದಿಗೆ ಬಾಡಿಗೆಗೆ ಇದ್ದರು. ಅಲ್ಲಿಗೆ ನೀರು ಏರುತ್ತಿರಲಿಲ್ಲ. ನಲ್ಲಿ ಇದ್ದದ್ದು ಕೆಳಗೆ, ಅನುರಾಧಾಳ ಮನೆಯ ಮುಂದೆ. ನೂರಾಹನ್ನೆರಡು ಮೆಟ್ಟಿಲು. ದಿನಕ್ಕೆ ಎಂಟು ಕೊಡ. ನಾಗವ್ವನ ಬಲಮೊಣಕಾಲು ಎರಡು ವರ್ಷದಿಂದ ಊದಿಕೊಂಡೇ ಇತ್ತು. ಅವಳು ಮೆಟ್ಟಿಲನ್ನು ಹತ್ತುತ್ತಿದ್ದದ್ದು ಎಡಗಾಲಿನಿಂದ, ಬಲಗಾಲನ್ನು ಹಿಂದಿನಿಂದ ಎಳೆದುಕೊಳ್ಳುತ್ತಿದ್ದಳು. ಅನುರಾಧಾ ಬಾಗಿಲಲ್ಲಿ ಕೂತು ದಿನಾ ನೋಡುತ್ತಿದ್ದಳು.

ನಲ್ಲಿಯ ಪಕ್ಕದಲ್ಲೇ ಒಂದು ಖೋಲಿ ಇತ್ತು. ಅದರ ಮಾಲಕಿ ಒಬ್ಬ ಮರಾಠಿ ಆಜಿ. ಬಾಡಿಗೆ ಮೇಲಿನ ಖೋಲಿಯಷ್ಟೇ, ಆದರೆ ಮೂವತ್ತೈದು ಸಾವಿರ ಡಿಪಾಜಿಟ್ ಬೇಕು ಅಂದಿದ್ದಳು. ನಾಗವ್ವನ ಜೀವ ಆ ಖೋಲಿಯ ಮೇಲೆ.

ಮೂರು ವರ್ಷದ ಹಿಂದೆ ಬ್ಯಾಂಕಿನವರು ಬಂದು ಗಣಪತಿ ಮಂಡಳದ ಹಾಲ್‌ನಲ್ಲಿ ಶಿಬಿರ ಮಾಡಿದ್ದರು. ಬಡವರು ಉಳಿತಾಯ ಮಾಡಲಿ ಅಂತ ಸರ್ಕಾರ ಒಂದು ಯೋಜನೆ ತಂದಿದೆ, ತಿಂಗಳಿಗೆ ಐನೂರು ನೀವು ಹಾಕಿದರೆ ಐನೂರು ಸರ್ಕಾರ ಹಾಕುತ್ತದೆ, ಮೂವತ್ತಾರು ತಿಂಗಳು ತುಂಬಿದರೆ ಹದಿನೆಂಟು ಸಾವಿರಕ್ಕೆ ಮೂವತ್ತಾರು ಸಾವಿರ ಕೈಗೆ. ಪ್ರತಿ ತಿಂಗಳ ಐದನೇ ತಾರೀಕು ಖಾತೆಯಿಂದ ಮಷೀನೇ ಐನೂರು ಎಳೆದುಕೊಳ್ಳುತ್ತದೆ. ಖಾತೆಯಲ್ಲಿ ಇಲ್ಲದಿದ್ದರೆ ಇಪ್ಪತ್ತಕ್ಕೆ ಇನ್ನೊಂದು ಸಲ ಎಳೆದು ನೋಡುತ್ತದೆ. ಆಗಲೂ ಇಲ್ಲದಿದ್ದರೆ ನಿಮ್ಮದು ನಿಮಗೆ, ಸರ್ಕಾರದ್ದು ಸರ್ಕಾರಕ್ಕೆ. ಹೆಂಗಸರು ಇದಕ್ಕೆ ಜೋಡಿ ರೊಕ್ಕ ಅಂತ ಹೆಸರಿಟ್ಟರು. ಹನ್ನೊಂದು ಮಂದಿಯೂ ಹೆಸರು ಬರೆಸಿದರು. ವರ್ಷ ತುಂಬುವುದರೊಳಗೆ ಹತ್ತು ಮಂದಿಯದು ತಪ್ಪಿತು. ಒಬ್ಬಳಿಗೆ ಹೆರಿಗೆ, ಒಬ್ಬಳಿಗೆ ಮಾವನ ದಿನಕರ್ಮ, ಒಬ್ಬಳಿಗೆ ಸುಮ್ಮನೆ ಕೆಲಸವೇ ಸಿಗಲಿಲ್ಲ. ಉಳಿದದ್ದು ನಾಗವ್ವ ಒಬ್ಬಳೇ.

ಗಂಡನಿಗೆ ಮಾತ್ರ ಗೊತ್ತಿರಲಿಲ್ಲ.

"ನಮ್ಮವ್ರು ಕುಡಿಯಂಗಿಲ್ಲ, ಇಸ್ಪೀಟ್ ಆಡಂಗಿಲ್ಲ, ನನ್ನ ಮ್ಯಾಲ ಕೈ ಎತ್ತಿದವ್ರಲ್ಲ," ಎಂದು ನಾಗವ್ವ ನಲ್ಲಿಯ ಸಾಲಿನಲ್ಲಿ ಹೇಳುತ್ತಿದ್ದಳು. "ಆದ್ರ ಊರಾಗ ಅಣ್ಣ ಕೆಮ್ಮಿದ್ರ ಸಾಕು, ಇಲ್ಲಿ ಇವ್ರು ಕಿಸೆ ಝಾಡಸ್ತಾರ."

ಅಣ್ಣ ಬಸವಂತಪ್ಪ ಅಫಜಲಪುರ ಕಡೆಯ ಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ. ಆರು ವರ್ಷದಿಂದ ಕಟ್ಟಿಸುತ್ತಲೇ ಇದ್ದ. ಬುನಾದಿ ಸುಭಾಷನ ರೊಕ್ಕದಲ್ಲಿ, ಗೋಡೆ ಸುಭಾಷನ ರೊಕ್ಕದಲ್ಲಿ. ಈಗ ಸ್ಲ್ಯಾಬಿಗೆ ಬಂದು ನಿಂತಿತ್ತು. "ಜಂಟಿ ಮನಿ ಅದ, ನಾಳೆ ನಮಗೂ ಒಂದು ಖೋಲಿ ಇರ್ತದ," ಎನ್ನುವುದು ಸುಭಾಷನ ಮಾತು. "ನಾಳಿ ಅಂಬೋದು ಊರಾಗ ಅದ, ನೀರು ಹೊರೋದು ಇಲ್ಲಿ ಅದ," ಎನ್ನುವುದು ನಾಗವ್ವನದು. ಅದನ್ನು ಅವಳು ಗಂಡನ ಎದುರು ಹೇಳುತ್ತಿರಲಿಲ್ಲ, ನಲ್ಲಿಯ ಎದುರು ಹೇಳುತ್ತಿದ್ದಳು.

ಮಳೆಗಾಲದಲ್ಲಿ ನಾಕಾ ಖಾಲಿ. ಕಟ್ಟಡದ ಕೆಲಸ ನಿಲ್ಲುತ್ತದೆ. ಕಲಬುರ್ಗಿ, ವಿಜಯಪುರದ ಮಂದಿ ಊರಿಗೆ ಹೋಗಿ ಬಿತ್ತನೆ, ಕಳೆ ಎಂದು ದಸರಾದ ತನಕ ಅಲ್ಲೇ ಇರುತ್ತಾರೆ. ಯೋಜನೆ ಮಾಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಾಗವ್ವನೇ ದಾರಿ ಕಂಡುಕೊಂಡಿದ್ದಳು. ಮೇ ಕೊನೆಗೆ ನಾಲ್ಕು ತಿಂಗಳದ್ದು ಒಟ್ಟಿಗೆ ಖಾತೆಗೆ ಹಾಕಿ ಹೋಗುವುದು. ಎರಡು ವರ್ಷ ಹಾಗೇ ಪಾರಾಗಿತ್ತು. ಈ ವರ್ಷವೂ ಎರಡು ಸಾವಿರ ಹಾಕಿ, ಪಾಸ್‌ಬುಕ್ಕನ್ನು ಅನುರಾಧಾಳ ಕೈಗೆ ಕೊಟ್ಟಳು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಸೆಪ್ಟೆಂಬರಿನದು ಮೂವತ್ತಾರನೆಯದು.

"ಆಜಿ ದಸರಾ ತನಕ ಯಾರಿಗೂ ಕೊಡಂಗಿಲ್ಲ ಅಂತ ಮಾತು ಕೊಟ್ಟಾಳ," ಎಂದಳು ನಾಗವ್ವ. "ಊರಾಗ ನಮ್ಮವ್ರ ಫೋನ್ ಬಿಟ್ರ ಬ್ಯಾರೆ ಇಲ್ಲ. ನೀ ಅದಕ್ಕ ಹಚ್ಚಬ್ಯಾಡ ನನ್ನವ್ವ. ನಾನೇ ಬಂದು ಕೇಳ್ತೀನಿ."

ಅನುರಾಧಾ ತಲೆಯಾಡಿಸಿದಳು.

ಮೇ ಮೂವತ್ತೊಂದಕ್ಕೆ ಮೆಸೇಜು ಬಂತು. ನಾಗವ್ವನ ಖಾತೆಯಿಂದ ನಾನೂರಾ ಐವತ್ತಾರು ಕಟ್ ಆಗಿತ್ತು. ಉಳಿದದ್ದು ಸಾವಿರದ ಐನೂರಾ ನಲವತ್ನಾಲ್ಕು.

ಅವಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಮೆಸೇಜಿನ ನಡುವೆ ಇನ್ಶೂರೆನ್ಸ್ ಅಂತ ಇತ್ತು. ಆಗ ನೆನಪಾಯಿತು: ಹದಿನೈದು ದಿನದ ಹಿಂದೆ ಅದೇ ಹಾಲ್‌ನಲ್ಲಿ ಇನ್ನೊಂದು ಶಿಬಿರ ಆಗಿತ್ತು. ಸತ್ತರೆ ಎರಡು ಲಕ್ಷ ಸಿಗುವ ಸರ್ಕಾರಿ ವಿಮೆ. ಹೋದವರಿಗೆ ಚಹಾ, ಬಿಸ್ಕೀಟು. "ಸಹಿ ಮಾಡ್ರಿ, ಇಲ್ಲೂ ಮಾಡ್ರಿ," ಅಂದರಂತೆ. ನಾಗವ್ವ ಸಹಿ ಮಾಡಲು ಕಲಿತದ್ದೇ ಜೋಡಿ ರೊಕ್ಕದ ಸಲುವಾಗಿ. ಆ ಹುರುಪಿನಲ್ಲಿ ಎರಡು ಕಡೆ ಮಾಡಿ ಬಂದಿದ್ದಳು. ವಿಮೆಯ ರೊಕ್ಕ ಖಾತೆಯಿಂದ ತಾನಾಗೇ ಹೋಗುತ್ತದೆ ಎಂದು ಯಾರೋ ಹೇಳಿದ್ದಿರಬೇಕು, ಚಹಾದ ಗದ್ದಲದಲ್ಲಿ ಯಾರಿಗೂ ಕೇಳಿಸಿದ್ದಿರಲಿಕ್ಕಿಲ್ಲ. ಸರ್ಕಾರದ ಒಂದು ಕೈ ಇಡಲಿಕ್ಕೆ ಹೇಳಿದ್ದನ್ನು ಇನ್ನೊಂದು ಕೈ ತೆಗೆದುಕೊಂಡು ಹೋಗಿತ್ತು.

ಅನುರಾಧಾ ಬೆರಳು ಮಡಚಿ ಲೆಕ್ಕ ಹಾಕಿದಳು. ಜೂನ್, ಜುಲೈ, ಆಗಸ್ಟ್ ಸಾಗುತ್ತದೆ. ಸೆಪ್ಟೆಂಬರಿಗೆ ಉಳಿಯುವುದು ನಲವತ್ನಾಲ್ಕು.

ಅವ್ವನಿಗೆ ಹೇಳಬಹುದಿತ್ತು. ಆದರೆ ಅವ್ವನಿಗೆ ಹೇಳಿದರೆ ನಲ್ಲಿಗೆ ಹೇಳಿದ ಹಾಗೆ. ಅಪ್ಪ ಅಣವೀರಪ್ಪ ಗೋರೆಗಾಂವ್‌ನ ಒಂದು ಸೊಸೈಟಿಯಲ್ಲಿ ವಾಚ್‌ಮನ್, ವಾರಕ್ಕೊಮ್ಮೆ ಬರುತ್ತಿದ್ದ, ಬಂದವನು ಮಲಗುತ್ತಿದ್ದ. ಸುಭಾಷ ಕಾಕಾನ ಫೋನಿಗೆ ಹಚ್ಚಿದರೆ ಎತ್ತುವವನು ಅವನೇ. ಏನಂತ ಕಾಕಿಯನ್ನು ಕರೆಯಬೇಕು? ಅವಳು ಯಾವತ್ತೂ ಯಾರಿಗೂ ಫೋನ್ ಹಚ್ಚಿದವಳಲ್ಲ. ಕಾಕಿ ತಾನೇ ಯಾವಾಗಾದರೂ ಹಚ್ಚಬಹುದು ಅಂತ ಕಾದಳು. ಜೂನ್ ಹೋಯಿತು. ಜುಲೈ ಹೋಯಿತು. ಮಳೆಗೆ ಮೆಟ್ಟಿಲ ಮೇಲೆ ನೀರು ಹರಿಯಿತು, ನಾಗವ್ವನ ಖೋಲಿಯ ಬೀಗಕ್ಕೆ ತುಕ್ಕು ಹತ್ತಿತು.

ಅಷ್ಟರಲ್ಲಿ ಅವಳೊಂದು ನಿರ್ಧಾರ ಮಾಡಿದ್ದಳು. ಕಡಿಮೆ ಬಿದ್ದದ್ದನ್ನು ತಾನೇ ತುಂಬುವುದು. ಕೂಲಿಯನ್ನೆಲ್ಲಾ ಅವ್ವನ ಕೈಗೆ ಕೊಡುವ ರೂಢಿ. ಈಗ ದಿನಕ್ಕೆ ಐದು, ಹತ್ತು ಹಿಂದಿಟ್ಟಳು. ಅವ್ವ ಕೇಳಿದರೆ ಹರಳು ಉದುರಿದವು, ಜುಮುಕಿ ಕೊಡುವ ಸೇಠ್ ಕಟ್ ಮಾಡಿದ ಅಂದಳು. ಹುಟ್ಟಿದಾಗಿನಿಂದ ಅವಳು ಹೇಳಿದ ಸುಳ್ಳುಗಳು ಅವೇ ಇರಬೇಕು. ಸೆಪ್ಟೆಂಬರ್ ನಾಲ್ಕಕ್ಕೆ ನಾನೂರಾ ಅರವತ್ತು ಆಯಿತು.

ಅಂಗಡಿಯಲ್ಲಿ ಕೊಟ್ಟಿದ್ದರೆ ಅಲ್ಲಿಂದಲೇ ಖಾತೆಗೆ ಹಾಕುತ್ತಿದ್ದರು. ಗುಡ್ಡದ ಬುಡದ ಕಿರಾಣಿ ಅಂಗಡಿಯ ಶಿವಪುತ್ರಪ್ಪ ಹತ್ತು ರೂಪಾಯಿ ತಗೊಂಡು ಎಲ್ಲರ ರೊಕ್ಕ ಹಾಕಿಕೊಡುತ್ತಿದ್ದ. ಆದರೆ ಅವನು ಸುಭಾಷ ಕಾಕಾನ ಪಕ್ಕದ ಊರವನು. ಆ ದಾರಿ ಬೇಡ ಅಂದುಕೊಂಡು ಅನುರಾಧಾ ಬ್ಯಾಂಕಿಗೇ ಹೋದಳು.

ಮರುದಿನದಿಂದ ಮೂರು ದಿನ ರಜೆ. ಸಾಲು ಬಾಗಿಲ ಹೊರಗೆ ಬಂದಿತ್ತು. ಅವಳು ಎರಡು ಗಂಟೆ ನಿಂತಳು. ಕೊರಳಿಗೆ ಕಾರ್ಡು ಹಾಕಿಕೊಂಡವನೊಬ್ಬ "ಏಕ್ ಮಿನಿಟ್ ಹಾಂ" ಎಂದು ಮುಂದೆ ನುಸುಳಿದ, ಅವಳು ಸರಿದಳು. ಮಗುವನ್ನು ಎತ್ತಿಕೊಂಡವಳು ಬಂದಳು, ಸರಿದಳು. ಮುಪ್ಪಿನ ಮುದುಕನಿಗೂ ಸರಿದಳು. ಅವನ ಹಿಂದೆ ಬಂದ, ಮುಪ್ಪಾಗದ ಇಬ್ಬರಿಗೂ ಸರಿದಳು. ಅವಳ ಮುಂದೆ ಇಬ್ಬರಿದ್ದಾಗ ಕಿಟಕಿ ಮುಚ್ಚಿತು. ಹಿಂದಿದ್ದ ಹೆಂಗಸು, "ಅರೇ, ತೋಂಡ ನಾಹೀ ಕಾ ತುಲಾ?" ಎಂದು ಬೈದಳು, ನಿನಗೇನು ಬಾಯಿಲ್ಲವಾ ಅಂತ. ಗಲ್ಲಿಯಲ್ಲಿ ಅದೇ ಮಾತನ್ನು ಪ್ರೀತಿಯಿಂದ ಅನ್ನುತ್ತಿದ್ದರು.

ಐದನೇ ತಾರೀಕು ಮೆಸೇಜು ಬಂತು. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ.

ರಜೆ ಮುಗಿದ ದಿನ ಬ್ಯಾಂಕ್ ತೆರೆಯುವ ಮೊದಲೇ ಹೋಗಿ ಬಾಗಿಲಿಗೆ ಮೊದಲಿಗಳಾಗಿ ನಿಂತಳು. ಕಿಟಕಿಯ ಒಳಗೆ ಕನ್ನಡಕದ ನಡುವಯಸ್ಸಿನವರು. ಚೀಟಿಯ ಮೇಲಿನ ಹೆಸರು ನೋಡಿ ತಲೆಯೆತ್ತಿದರು.

"ನಾಗವ್ವ ಅಂದ್ರೆ ಕನ್ನಡದವ್ರೇ ಅಲ್ವೇನಮ್ಮಾ? ಯಾವೂರು ನಿಮ್ದು?"

"ಕಲಬುರ್ಗಿ ಕಡೀರಿ," ಎಂದಳು. ಧ್ವನಿ ತನ್ನದೇ ಅಂತ ಅವಳಿಗೆ ಅನಿಸಲಿಲ್ಲ.

"ನಾನು ಸತ್ಯಮೂರ್ತಿ, ಮೈಸೂರಿನವನು. ಮೂವತ್ತು ವರ್ಷ ಆಯ್ತು ಈ ಊರಿಗೆ ಬಂದು. ಕಿಟಕಿ ಆಚೆಯಿಂದ ಕನ್ನಡ ಕೇಳೋದೇ ಅಪರೂಪ." ಅವರು ಕಂಪ್ಯೂಟರಿನಲ್ಲಿ ನೋಡಿದರು. "ಅಯ್ಯೋ, ಮೂವತ್ತೈದು ಕಂತು ಕಟ್ಟಿ ಕೊನೇದು ತಪ್ಪಿಸಿದ್ದಾರಲ್ಲಮ್ಮ! ಹೋಗ್ಲಿ ಬಿಡು. ಇಪ್ಪತ್ತನೇ ತಾರೀಕು ಇನ್ನೊಂದ್ಸಲ ಎಳೆಯುತ್ತೆ. ಈಗ ಐನೂರ ನಾಲ್ಕು ಆಯ್ತು. ಸಾಕು."

"ಸಾಕಲ್ರೀ?"

"ಸಾಕಮ್ಮಾ, ನಾಲ್ಕು ರೂಪಾಯಿ ಜಾಸ್ತೀನೇ ಇದೆ. ಅವರಿಗೆ ಅಭಿನಂದನೆ ಹೇಳು."

ಹತ್ತು ದಿನ ಅನುರಾಧಾ ಹಗುರಾಗಿದ್ದಳು. ಜುಮುಕಿ ಅಂಟಿಸುವಾಗ ಒಂದೆರಡು ಸಲ ಗುನುಗಿದಳು ಕೂಡ. ಸುಂದ್ರವ್ವ ಗಾಬರಿಯಾಗಿ ಮಗಳ ಮುಖ ನೋಡಿದಳು. ನಲ್ಲಿಯ ಪಕ್ಕದ ಖೋಲಿಗೆ ಆಜಿ ಸುಣ್ಣ ಹೊಡೆಸುತ್ತಿದ್ದಳು. ಬಾಗಿಲು ತೆರೆದಿದ್ದಾಗ ಅನುರಾಧಾ ಒಳಗೆ ಇಣುಕಿದಳು. ಒಲೆಯ ಕಟ್ಟೆ, ಪಾತ್ರೆ ತೊಳೆಯುವ ಮೋರಿ, ಒಂದು ಕಿಟಕಿ. ಕಾಕಿ ಇಲ್ಲಿ ಕೂತು ಕಾಲು ಚಾಚಬಹುದು ಅಂದುಕೊಂಡಳು.

ಹತ್ತೊಂಬತ್ತರ ಸಂಜೆ ಆರಕ್ಕೆ ಫೋನು ಟಿಣ್ ಅಂತು. ನಾಗವ್ವನ ಖಾತೆಯಿಂದ ಇನ್ನೂರಾ ತೊಂಬತ್ತೈದು ಕಟ್. ಐದನೇ ತಾರೀಕು ಕಂತು ತಪ್ಪಿದ್ದಕ್ಕೆ ಬ್ಯಾಂಕಿನ ದಂಡ. ಉಳಿದದ್ದು ಇನ್ನೂರಾ ಒಂಬತ್ತು.

ಅವಳ ಕೈಯಲ್ಲಿನ ಜುಮುಕಿ ಅಂಟಿನೊಳಗೆ ಬಿತ್ತು. ಮಷೀನು ಎಳೆಯುವುದು ಬೆಳಗಿನ ಜಾವಕ್ಕೆ. ಬ್ಯಾಂಕು ಮುಚ್ಚಿ ಎರಡು ಗಂಟೆಯಾಗಿತ್ತು. ಇನ್ನೂರಾ ತೊಂಬತ್ತೊಂದು ರೂಪಾಯಿ ಕಡಿಮೆ. ಒಂದು ರೂಪಾಯಿ ಕಡಿಮೆಯಾದರೂ ಹದಿನೆಂಟು ಸಾವಿರ ಹೋದಂತೆಯೇ. ಇನ್ನು ಇದ್ದ ದಾರಿ ಶಿವಪುತ್ರಪ್ಪನ ಅಂಗಡಿ ಒಂದೇ.

ಸುಂದ್ರವ್ವ ಮುಲುಂಡಿನ ಮೂರು ಮನೆಗಳ ಅಡುಗೆ ಮುಗಿಸಿ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು.

"ಅವ್ವ, ಮುನ್ನೂರ ಹತ್ತು ರೂಪಾಯಿ ಬೇಕು."

"ಯಾಕಬೇ?"

ಅನುರಾಧಾ ಹೇಳಿದಳು. ಮೊದಲಿನಿಂದ ಕೊನೆಯ ತನಕ, ನಿಂತಲ್ಲೇ. ಇಪ್ಪತ್ತು ವರ್ಷದಲ್ಲಿ ಮಗಳು ಒಮ್ಮೆಗೆ ಇಷ್ಟು ಮಾತಾಡಿದ್ದನ್ನು ಸುಂದ್ರವ್ವ ಕೇಳಿರಲಿಲ್ಲ. ಬೈಯುವುದನ್ನೂ ಮರೆತು ಸೆರಗಿನ ಗಂಟು ಬಿಚ್ಚಿದಳು.

"ಮೂರು ತಿಂಗಳಿಂದ ಹೊಟ್ಟ್ಯಾಗ ಇಟ್ಕೊಂಡು ಕುಂತೀಯಲ್ಲೇ! ನನಗರೆ ಹೇಳಬಾರ್ದೇನು? ನಾ ಏನು ಊರಿಗೆಲ್ಲ ಡಂಗುರ ಹೊಡೀತಿದ್ನೇನು?" ಎಂದಳು. ಆಮೇಲೆ ರೊಕ್ಕ ಎಣಿಸಿ ಕೊಡುತ್ತ, "ಹೊಡೀತಿದ್ದೆ ಅನ್ನು. ಹೋಗು, ಓಡು."

ಅನುರಾಧಾ ಓಡುವ ಮೊದಲು ಒಂದು ಜಾಣತನ ಮಾಡಿದಳು. ಪಾಸ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು, ಹೆಸರಿಲ್ಲದಂತೆ ಬರೀ ಖಾತೆ ನಂಬರು ಮತ್ತು ಬ್ಯಾಂಕಿನ ಕೋಡನ್ನು ಚೀಟಿಯಲ್ಲಿ ಬರೆದುಕೊಂಡಳು.

ಶಿವಪುತ್ರಪ್ಪ ಚೀಟಿ ನೋಡಿ ಫೋನಿನಲ್ಲಿ ಒತ್ತಿದ. ಅನುರಾಧಾ ಬೆಲ್ಲದ ಡಬ್ಬಿಯ ಮೇಲಿನ ನೊಣ ನೋಡುತ್ತ ನಿಂತಳು. ಅವನು ನಕ್ಕ.

"ಓಹೋ! ನಾಗವ್ವ ಸುಭಾಷ. ಹೆಸರು ತಾನೇ ಬರ್ತದ ತಂಗಿ ಇದ್ರಾಗ. ಆಂ? ನಮ್ಮ ಸುಭಾಷನ ಹೆಂಡ್ತಿ ಖಾತೆ ಇಟ್ಟಾಳ? ಮೂರು ತಿಂಗಳಿಂದ ಅಂವ ನನಗ ಏನು ಹೇಳ್ಲಕತ್ತಾನ ಗೊತ್ತದೇನು? ಶಿವಪುತ್ರಪ್ಪ, ಮನ್ಯಾಗ ಒಂದು ದಮ್ಮಡಿ ಇಲ್ಲ, ನಿನ್ನ ದುಕಾನದ ಬಾಕಿ ದಸರಾಕ್ಕ ಕೊಡ್ತೀನಿ ಅಂತ!"

"ಕಾಕಾಗ ಹೇಳಬ್ಯಾಡ್ರಿ," ಎಂದಳು ಅನುರಾಧಾ.

"ಏನಂದಿ?"

"ಹೇಳಬ್ಯಾಡ್ರಿ."

ಎರಡನೇ ಸಲ ಹೇಳಿದ್ದೇ ತಪ್ಪಾಯಿತೇನೋ. ಶಿವಪುತ್ರಪ್ಪನ ಮುಖದ ಮೇಲೆ ಬೇರೆಯದೇ ಒಂದು ಬೆಳಕು ಬಂತು. "ಇಲ್ಲ ಇಲ್ಲ, ನಾ ಯಾಕ ಹೇಳ್ಲಿ," ಎಂದು ಮುನ್ನೂರು ಕಳಿಸಿ, ಹತ್ತು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.

ಇಪ್ಪತ್ತರ ಬೆಳಿಗ್ಗೆ ಆರೂವರೆಗೆ ಮೆಸೇಜು ಬಂತು. ಐನೂರು ಹೋಗಿತ್ತು. ಖಾತೆಯಲ್ಲಿ ಒಂಬತ್ತು ರೂಪಾಯಿ ಇತ್ತು. ಮೂವತ್ತಾರೂ ತುಂಬಿದ್ದವು.

ಅದೇ ದಿನ ಮಧ್ಯಾಹ್ನ ಸುಭಾಷ ಕಾಕಾನ ನಂಬರಿನಿಂದ ಫೋನ್ ಬಂತು. ಅನುರಾಧಾ ಎತ್ತಿ ಕಿವಿಗೆ ಹಿಡಿದಳು, ಹಲೋ ಅನ್ನಲಿಲ್ಲ.

"ಅನೂ, ನಾನವ್ವ, ಕಾಕಿ." ನಾಗವ್ವನ ಧ್ವನಿ ಸಣ್ಣಗಿತ್ತು. ಹಿಂದೆ ಬಹಳ ಮಂದಿಯ ನಗು, ಯಾರೋ ಸಕ್ಕರೆ ತರಲು ಕೂಗುತ್ತಿದ್ದರು. "ಶಿವಪುತ್ರಪ್ಪ ಫೋನ್ ಹಚ್ಚಿದ್ದ ಇವ್ರಿಗೆ. ಬಾಕಿ ಕೇಳ್ಲಾಕ. ಖಾತೆ ಮಾತೂ ತೆಗದ. ಇವ್ರು ಕೇಳಿದ್ರು, ನಾ ಎಲ್ಲಾ ಹೇಳಿದೆ."

ಅನುರಾಧಾ ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಪೂರಾ ಆಯ್ತಲ್ಲ? ಮೂವತ್ತಾರು ಸಾವಿರ?"

"ಹ್ಞೂಂ ಕಾಕಿ. ವಿಮಾದ್ದು ಕಟ್ ಆಗಿತ್ತು. ಆಮ್ಯಾಲ ದಂಡ. ನಾ..."

"ಇರ್ಲಿ ಬಿಡು," ಎಂದಳು ನಾಗವ್ವ. ಅಷ್ಟರಲ್ಲಿ ಫೋನು ಕೈ ಬದಲಿಸಿತು. ಸುಭಾಷನ ದೊಡ್ಡ ಧ್ವನಿ ಬಂತು: "ತಂಗೀ! ನಿಮ್ಮ ಕಾಕಿ ನೋಡು, ಬೆಕ್ಕಿನಂಗ ಕುಂತು ಹುಲಿ ಕೆಲಸ ಮಾಡ್ಯಾಳ! ನಮ್ಮ ಅಣ್ಣ ಅಳ್ಲಕತ್ತಾನ ಖುಷಿಗೆ. ಇಡೀ ಊರಿಗೆ ಹೇಳಿನಿ ನಾನು!"

ಮುಂದೆ ಊರಿನಲ್ಲಿ ಏನಾಯಿತು ಎನ್ನುವುದನ್ನು ನಾಗವ್ವ ಬಂದ ಮೇಲೆ ಅನುರಾಧಾ ಕೇಳಿ ತಿಳಿದಳು. ಯಾರೂ ನಾಗವ್ವನನ್ನು ಬೈಯಲಿಲ್ಲ, ಮುಚ್ಚಿಟ್ಟೆ ಅಂತ ಸಿಟ್ಟಾಗಲಿಲ್ಲ. ಬೈದಿದ್ದರೆ ಅವಳಿಗೆ ಎದುರು ನಿಲ್ಲಲಿಕ್ಕೆ ಏನಾದರೂ ಸಿಗುತ್ತಿತ್ತು. ಬಸವಂತಪ್ಪನ ಹೆಂಡತಿ ಅವಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು, ಕೈತುಂಬ ಹಸಿರು ಬಳೆ ಇಡಿಸಿದಳು, ಇಳಕಲ್ ಸೀರೆ ಆಯೇರ ಮಾಡಿದಳು. "ಮನಿಗೆ ತಲಿ ಮ್ಯಾಲ ನೆರಳು ಕೊಟ್ಟಾಕಿ ನಮ್ಮ ನಾಗವ್ವ," ಎಂದು ಬಂದವರಿಗೆಲ್ಲ ಹೇಳಿದಳು. ಸ್ಲ್ಯಾಬ್ ಹಾಕುವವನಿಗೆ ಅಂದೇ ಮಾತು ಕೊಟ್ಟರು, ರೊಕ್ಕ ಬಂದ ಮೇಲೆ ಕೊಡುವುದೆಂದು. ಕಾಂಕ್ರೀಟಿನ ಮೊದಲ ಬುಟ್ಟಿ ನಾಗವ್ವನ ಕೈಯಿಂದಲೇ ಹಾಕಿಸಿದರು, ತೆಂಗಿನಕಾಯಿ ಅವಳೇ ಒಡೆದಳು.

"ಇಷ್ಟು ದಿನ ಮಂದಿ ಮನಿ ಕಾಂಕ್ರೀಟ್ ಹೊತ್ತೆ, ಇದು ನಮ್ಮನಿದಂತ," ಎಂದು ನಾಗವ್ವ ನಕ್ಕಳು. "ನಾ ಒಂದು ಮಾತು ಅಂದಿದ್ದೆ. ಮುಂಬೈದಾಗ ಒಂದು ಖೋಲಿ ನೋಡಿದ್ದೆ, ನೀರಿನ ಬಾಜೂಕ, ಅಂತ. ನಮ್ಮವ್ರು ಏನಂದ್ರು ಗೊತ್ತದೇನು? ಬಾಡಿಗಿ ಖೋಲಿಗೆ ಯಾಕ ರೊಕ್ಕ ಹಾಕಬೇಕಲೇ ಹುಚ್ಚಿ, ಇದು ಸ್ವಂತದ್ದು, ಅಂತ. ಎಲ್ಲಾರೂ ಹೌದಂದ್ರು. ಹೌದಲ್ಲ ಮತ್ತ. ಕೇಳಿದವ್ರಿಗಿ ಅದು ಖರೇನೇ ಅನಸ್ತದ."

ನಾಗವ್ವ ಬಂದದ್ದು ದಸರಾ ಮುಗಿದ ಮೂರನೇ ದಿನ. ಅಷ್ಟರೊಳಗೆ ಗಲ್ಲಿಯಲ್ಲಿ ಇನ್ನೊಂದು ನಡೆದಿತ್ತು. ಹನುಮವ್ವ ಮೊದಲು ಬಂದಳು. "ನಮ್ಮ ಹುಡುಗ ಹೊಸ ಫೋನ್ ತಗೊಂಡಾನವ್ವ, ಅದರದ್ದೇ ನಂಬರು ಕೊಡ್ತೀನಿ ಬ್ಯಾಂಕಿಗೆ," ಎಂದಳು, ಅನುರಾಧಾಳ ಮುಖ ನೋಡದೆ. ಆಮೇಲೆ ಇನ್ನೊಬ್ಬಳು. ವಾರದೊಳಗೆ ಆರು ಮಂದಿ. ಯಾರೂ ಕಾರಣ ಹೇಳಲಿಲ್ಲ. ಸುಂದ್ರವ್ವ ಮಾತ್ರ ನಲ್ಲಿಯಿಂದ ಕೇಳಿಕೊಂಡು ಬಂದಳು: ಆ ಹುಡುಗಿಗೆ ಬಾಯಿ ಬಂದದಂತ.

ಆಜಿ ಅಕ್ಟೋಬರ್ ಎಂಟರ ತನಕ ಕಾದು, ಒಬ್ಬ ರಿಕ್ಷಾದವನಿಗೆ ಖೋಲಿ ಕೊಟ್ಟಳು.

ಒಂಬತ್ತಕ್ಕೆ ಮೂವತ್ತಾರು ಸಾವಿರ ನಾಗವ್ವನ ಖಾತೆಗೆ ಬಂತು. ಮರುದಿನ ಮೂವರೂ ಬ್ಯಾಂಕಿಗೆ ಹೋದರು. ಚೀಟಿ ತುಂಬಲಿಕ್ಕೆ ಅನುರಾಧಾ ಬೇಕೆಂದು ಸುಭಾಷನೇ ಬಂದು ಕರೆದ. ನಾಗವ್ವ ಇಳಕಲ್ ಸೀರೆ ಉಟ್ಟಿದ್ದಳು. ಮೆಟ್ಟಿಲು ಇಳಿಯುವಾಗ ಸುಭಾಷ ಅವಳ ಕೈ ಹಿಡಿದುಕೊಂಡ. "ಮೊಣಕಾಲಿಗೆ ಎಣ್ಣಿ ಹಚ್ಚು ಅಂದ್ರ ಕೇಳಂಗಿಲ್ಲ ಈಕಿ," ಎಂದು ಅನುರಾಧಾಳಿಗೆ ದೂರು ಹೇಳಿದ.

ಸತ್ಯಮೂರ್ತಿ ಕಿಟಕಿ ಬಿಟ್ಟು ಎದ್ದು ಹೊರಗೆ ಬಂದರು.

"ಬನ್ನಿ ನಾಗವ್ವ, ಬನ್ನಿ! ಈ ಬ್ರಾಂಚಿನಲ್ಲಿ ಇನ್ನೂರ ಹದಿನೇಳು ಜನ ಸೇರಿದ್ದು, ಪೂರ್ತಿ ಮಾಡಿದೋರು ನಾಲ್ಕೇ ನಾಲ್ಕು ಜನ. ಮೇಲಿನವರು ಫೋಟೋ ಕಳಿಸಿ ಅಂದಿದ್ದಾರೆ."

ಗೋಡೆಯ ಮುಂದೆ ನಾಗವ್ವನನ್ನು ನಿಲ್ಲಿಸಿ ಅವಳ ಕೈಗೆ ಒಂದು ದೊಡ್ಡ ರಟ್ಟಿನ ಚೆಕ್ ಕೊಟ್ಟರು. ಅದರ ಮೇಲೆ ಬೇರೆ ಯಾರದೋ ಹೆಸರಿತ್ತು. ಅದರ ಮೇಲೆ ಕಾಗದ ಅಂಟಿಸಿದರು. ಸುಭಾಷ ಪಕ್ಕದಲ್ಲಿ ಎದೆ ಉಬ್ಬಿಸಿ ನಿಂತ.

"ಈ ದುಡ್ಡಿನಿಂದ ಏನು ಮಾಡ್ತೀರಿ, ಹೇಳಿ. ಬರ್ಕೋಬೇಕು," ಎಂದರು ಸತ್ಯಮೂರ್ತಿ.

ನಾಗವ್ವ ಬಾಯಿ ತೆರೆದಳು. ಸುಭಾಷ ಹೇಳಿದ: "ಸ್ವಂತ ಮನಿಗೆ ಸ್ಲ್ಯಾಬ್ ಹಾಕ್ಸೀವ್ರಿ ಸಾಹೇಬ್ರ."

"ಸ್ವಂತ ಮನೆ! ಬಹಳ ಸಂತೋಷ. ಇದಕ್ಕಿಂತ ಒಳ್ಳೇದು ಇನ್ನೇನಿದೆ?" ಅವರ ಮುಖ ನಿಜವಾಗಿಯೂ ಅರಳಿತ್ತು. ಅದನ್ನೇ ಬರೆದುಕೊಂಡರು.

ಮೂವತ್ತೈದು ಸಾವಿರ ಬಸವಂತಪ್ಪನ ಖಾತೆಗೆ ಹೋಯಿತು. ಚೀಟಿ ತುಂಬಿದವಳು ಅನುರಾಧಾ, ಸಹಿ ಮಾಡಿದವಳು ನಾಗವ್ವ. ಸಹಿ ನಿಧಾನ, ಒಂದೊಂದು ಅಕ್ಷರವೂ ದುಂಡಗೆ. ಸತ್ಯಮೂರ್ತಿ ಇನ್ನೊಂದು ಅರ್ಜಿ ತೆಗೆದರು. ಪೂರ್ತಿ ಮಾಡಿದವರು ಮತ್ತೆ ಮೂರು ವರ್ಷಕ್ಕೆ ಸೇರಬಹುದು, ಈ ಸಲ ಸರ್ಕಾರ ಐವತ್ತು ರೂಪಾಯಿ ಹೆಚ್ಚು ಹಾಕುತ್ತದೆ ಅಂದರು.

"ಹಾಕ್ರಿ ಹಾಕ್ರಿ," ಎಂದ ಸುಭಾಷ. "ಬರಿ ತಂಗಿ. ಫೋನ್ ನಂಬರಿನ ಜಾಗಕ್ಕ ನಂದು ಬರಿ. ನಿನಗ್ಯಾಕ ಸುಮ್ಮನ ತ್ರಾಸು."

ಅನುರಾಧಾ ನಾಗವ್ವನನ್ನು ನೋಡಿದಳು. ನಾಗವ್ವ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದಳು. ಸುಭಾಷ ಒಂದೊಂದೇ ಅಂಕಿ ಹೇಳಿದ, ಅನುರಾಧಾ ಬರೆದಳು.

ಹೊರಗೆ ಬಂದ ಮೇಲೆ ಸುಭಾಷ ಪೇಡೆ ತರುತ್ತೇನೆಂದು ರಸ್ತೆ ದಾಟಿದ. ಇಬ್ಬರೂ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತರು. ನಾಗವ್ವ ಬಲಗಾಲನ್ನು ಕಂಬಕ್ಕೆ ಆನಿಸಿದ್ದಳು.

"ಕಾಕಿ, ನಾ ಶಿವಪುತ್ರಪ್ಪನ ಕಡೆ ಹೋಗಬಾರ್ದಿತ್ತು," ಎಂದಳು ಅನುರಾಧಾ. ಇಪ್ಪತ್ತು ದಿನದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದಿದ್ದ ಮಾತು. "ಕಂತು ತಪ್ಪಿಸಿದ್ರ ನಿಮ್ಮ ಹದಿನೆಂಟು ಸಾವಿರ ನಿಮಗ ಉಳೀತಿತ್ತು. ಗುಟ್ಟೂ ಉಳೀತಿತ್ತು."

"ಹದಿನೆಂಟಕ್ಕ ಆಜಿ ಎಲ್ಲಿ ಕೊಡ್ತಿದ್ಳು," ಎಂದಳು ನಾಗವ್ವ. ಆಮೇಲೆ ಸೆರಗು ಸರಿಪಡಿಸಿಕೊಂಡು, "ಆದ್ರ ಉಳೀತಿತ್ತು, ಅದು ಖರೆ."

ಆಟೋಗಳು ಒಂದಕ್ಕೊಂದು ಹಾರ್ನ್ ಹೊಡೆದುಕೊಳ್ಳುತ್ತಿದ್ದವು. ನಾಗವ್ವ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟು ತುರಿಸಿಕೊಂಡಳು.

"ಇನ್ನ ಮೂರು ವರ್ಷ. ಅಷ್ಟರಾಗ ಆ ಮನಿಗೆ ಮಹಡಿ ಬೇಕಾಗ್ತದ. ನೋಡ್ತಿರು."

ಸುಭಾಷ ಪೊಟ್ಟಣ ಬಿಚ್ಚುತ್ತಲೇ ರಸ್ತೆ ದಾಟಿ ಬಂದ. ಮೊದಲನೆಯದನ್ನು ಹೆಂಡತಿಯ ಬಾಯಿಗೆ ತಾನೇ ಇಟ್ಟ. ಎರಡನೆಯದನ್ನು ಅನುರಾಧಾಳ ಅಂಗೈ ಮೇಲೆ ಇಟ್ಟು, "ತಿನ್ನು ತಂಗಿ," ಎಂದ. "ನೀ ಅವತ್ತು ಓಡ್ಯಾಡ್ದಿದ್ರ ಏನೂ ಆಗ್ತಿರ್ಲಿಲ್ಲ. ನಿನ್ನ ಉಪಕಾರ ನಾವು ಮರೆಯಂಗಿಲ್ಲ."

ಅವನು ನೋಡುತ್ತ ನಿಂತಿದ್ದ. ಅನುರಾಧಾ ತಿಂದಳು.